ಕಾರು ಕೂಗಿದರೆ ಕೇಳಿ, ಸುಮ್ಮನಿದ್ದರೆ ನೆಚ್ಚಬೇಡಿ

ಹೊಸ ಕಾರು ಕೊಂಡವರು ಈಚೆಗೆ ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ: ‘ಈ ಬೀಪ್ ಬೀಪ್ ಸದ್ದು ನಿಲ್ಲಿಸೋದು ಹೇಗೆ?’ ಗೌರಿಬಿದನೂರಿನವರೂ ಇದನ್ನೇ ಕೇಳುತ್ತಾರೆ, ಚಿಂತಾಮಣಿಯವರೂ ಇದನ್ನೇ ಕೇಳುತ್ತಾರೆ. ಕ್ಯಾಮೆರಾ, ರೇಡಾರ್‌ಗಳ ನೆರವಿನಿಂದ ಚಾಲಕನನ್ನು ಎಚ್ಚರಿಸುವ, ಬೇಕಾದಾಗ ತಾನೇ ಬ್ರೇಕ್ ಹಾಕುವ ವ್ಯವಸ್ಥೆಯನ್ನು ಜನ ಈಗ ‘ಅಡಾಸ್’ ಎಂದೇ ಕರೆಯುತ್ತಾರೆ. 2020–21ರ ಆಸುಪಾಸಿನಲ್ಲಿ ಎಂಜಿ ಗ್ಲೋಸ್ಟರ್, ಮಹೀಂದ್ರಾ ಎಕ್ಸ್‌ಯುವಿ700 ತರಹದ ದೊಡ್ಡ ಗಾಡಿಗಳಲ್ಲಿ ಬಂದ ಈ ಸವಲತ್ತು ಎರಡು ಮೂರು ವರ್ಷಗಳಲ್ಲೇ ನಾಲ್ಕು ಮೀಟರ್ ಒಳಗಿನ ಪುಟ್ಟ ಎಸ್‌ಯುವಿಗಳಿಗೂ ಇಳಿಯಿತು. ಹಾಗಾಗಿ ಒಂದು ಕಾಲಕ್ಕೆ ಇಂಡಿಕೇಟರ್‌ನ ಟಿಕ್ ಟಿಕ್ ಬಿಟ್ಟರೆ ಮೌನವಾಗಿದ್ದ ಡ್ಯಾಶ್‌ಬೋರ್ಡ್ ಈಗ ಇಡೀ ದಾರಿ ಮಾತಾಡುತ್ತದೆ. ‘ಸೆಟ್ಟಿಂಗ್ಸ್‌ಗೆ ಹೋಗಿ ಎಲ್ಲಾ ಆಫ್ ಮಾಡಿಬಿಡಿ’ ಎನ್ನುವುದು ಬಲ್ಲವರು ಕೊಡುವ ಸುಲಭದ ಉತ್ತರ. ಆ ಉತ್ತರ ಅಪಾಯಕಾರಿ ಎಂದು ನನಗೆ ಅನ್ನಿಸುತ್ತದೆ. ಈ ಸದ್ದುಗಳೆಲ್ಲ ಒಂದೇ ತೂಕದವಲ್ಲ. ಕೆಲವನ್ನು ನಮ್ಮ ರಸ್ತೆಗಳಲ್ಲಿ ಆರಿಸಿದರೆ ತಪ್ಪೇನೂ ಇಲ್ಲ, ಕೆಲವನ್ನು ಯಾವ ಕಾರಣಕ್ಕೂ ಆರಿಸಕೂಡದು. ಇನ್ನು ಎಲ್ಲವೂ ಚಾಲೂ ಇದ್ದು ಕಾರು ಸುಮ್ಮನಿದೆ ಎಂದರೆ ದಾರಿ ಸುರಕ್ಷಿತವಾಗಿದೆ ಎಂದು ತಿಳಿಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು.

ಮೊದಲು, ಅಡಾಸ್ ಹೆಸರಿನಲ್ಲಿ ಬೈಗುಳ ತಿನ್ನುವ ಅರ್ಧದಷ್ಟು ಸದ್ದುಗಳಿಗೂ ಅಡಾಸ್‌ಗೂ ಸಂಬಂಧವೇ ಇಲ್ಲ. ಗಂಟೆಗೆ 80 ಕಿ.ಮೀ. ದಾಟಿದ ಕೂಡಲೇ ಬಿಟ್ಟು ಬಿಟ್ಟು ಬರುವ ಬೀಪ್, 120 ದಾಟಿದರೆ ಬಿಡದೆ ಬಡಿಯುವ ಬೀಪ್, ಬೆಲ್ಟ್ ಹಾಕದಿದ್ದರೆ ಬರುವ ಗಂಟೆ, ರಿವರ್ಸ್ ತೆಗೆದುಕೊಳ್ಳುವಾಗ ಬರುವ ಸದ್ದು, ಇವೆಲ್ಲ 2019ರ ಜುಲೈ 1ರಿಂದ ದೇಶದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದವು. ಅತಿ ಅಗ್ಗದ ಕಾರಿನಲ್ಲೂ ಇವೆ. ಇವುಗಳಲ್ಲಿ ಹೆಚ್ಚು ಬೇಸರ ತರಿಸುವುದು 80ರ ಬೀಪ್. ನಾಲ್ಕು ಪಥದ ವಿಭಜಿತ ಹೆದ್ದಾರಿಯಲ್ಲಿ ಕಾರಿಗೆ 100ರವರೆಗೆ ಅವಕಾಶವಿದೆ ಎಂದು ಕೇಂದ್ರ ಸರ್ಕಾರವೇ 2018ರಲ್ಲಿ ಹೇಳಿರುವಾಗ 80ಕ್ಕೇ ಯಾಕೆ ಈ ಕಿರುಚಾಟ ಎಂಬ ಆಕ್ಷೇಪದಲ್ಲಿ ಹುರುಳಿದೆ. ದೇವನಹಳ್ಳಿ ದಾಟಿ ಚಿಕ್ಕಬಳ್ಳಾಪುರ, ಬಾಗೇಪಲ್ಲಿ ಕಡೆಗೆ 44ನೇ ಹೆದ್ದಾರಿಯಲ್ಲಿ ಹೋಗುವವರಿಗೆ ಅದು ನಿಜಕ್ಕೂ ಬೇಡದ ಗಲಾಟೆ ಅನ್ನಿಸಬಹುದು. ಆದರೆ ಅದೇ 2018ರ ಆದೇಶ ನಾಲ್ಕು ಪಥವಲ್ಲದ ಇತರ ರಸ್ತೆಗಳಿಗೆ ಇಟ್ಟ ಮಿತಿ 70. ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳನ್ನು ಒಂದೇ ದಾರಕ್ಕೆ ಪೋಣಿಸುವ, ಹಳಬರು ಇನ್ನೂ 234 ಎಂದೇ ಗುರುತಿಸುವ ಹೆದ್ದಾರಿಯಲ್ಲಿ ಎರಡು ಪಥ ಇರುವ ಕಡೆಯಲ್ಲೆಲ್ಲ ಆ ಬೀಪ್ ಬಂತೆಂದರೆ ನೀವು ಮಿತಿ ದಾಟಿ ಆಗಲೇ ಹತ್ತು ಕಿಲೋಮೀಟರ್ ವೇಗ ಹೆಚ್ಚಾಗಿದೆ ಎಂದರ್ಥ. ಅದಕ್ಕೆ ರಸ್ತೆಯೂ ಗೊತ್ತಿಲ್ಲ, ಫಲಕವೂ ಕಾಣದು. ಸ್ಪೀಡೋಮೀಟರ್ ಮುಳ್ಳು ಮಾತ್ರ ಗೊತ್ತು. ಆದ್ದರಿಂದ ಅದರ ಮೇಲಿನ ಸಿಟ್ಟನ್ನು ಅಡಾಸ್ ಮೇಲೆ ತೀರಿಸಿಕೊಳ್ಳುವುದು ನ್ಯಾಯವಲ್ಲ. ಬೆಲ್ಟಿನ ಗಂಟೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದನ್ನು ಬಾಯಿ ಮುಚ್ಚಿಸಲು ಬಕಲಿಗೆ ಸಿಕ್ಕಿಸುವ ಖಾಲಿ ಕ್ಲಿಪ್‌ಗಳನ್ನು ಮಾರದಂತೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ಮೇನಲ್ಲಿ ಐದು ಆನ್‌ಲೈನ್ ಮಾರಾಟ ತಾಣಗಳಿಗೆ ಆದೇಶಿಸಿತು. ಆಗ ತೆಗೆದುಹಾಕಿದ ಮಾರಾಟ ಪಟ್ಟಿಗಳ ಸಂಖ್ಯೆ 13,118. ಪ್ರಾಣ ಉಳಿಸುವ ಸದ್ದನ್ನು ನಿಲ್ಲಿಸಲು ದುಡ್ಡು ಕೊಟ್ಟು ಸಾಮಾನು ಕೊಳ್ಳುವ ಮಟ್ಟಕ್ಕೆ ನಾವು ಹೋಗಿದ್ದೆವು.

ಈಗ ನಿಜವಾದ ಅಡಾಸ್ ಸದ್ದುಗಳಿಗೆ ಬರೋಣ. ಅತಿ ಹೆಚ್ಚು ದೂರು ಇರುವುದು ಲೇನ್ ಬಿಟ್ಟು ಹೊರಳಿದಾಗ ಬರುವ ಎಚ್ಚರಿಕೆಯ ಮೇಲೆ. ಒಳಗನ್ನಡಿಯ ಹಿಂದೆ, ಮುಂಗಾಜಿಗೆ ಅಂಟಿಕೊಂಡಂತೆ ಕೂತಿರುವ ಕ್ಯಾಮೆರಾ ರಸ್ತೆಯ ಬಿಳಿ, ಹಳದಿ ಪಟ್ಟೆಗಳನ್ನು ಓದುತ್ತದೆ. ಸಾಮಾನ್ಯವಾಗಿ 60 ಕಿ.ಮೀ. ಆಸುಪಾಸಿನ ವೇಗ ದಾಟಿದ ಮೇಲೆ, ಇಂಡಿಕೇಟರ್ ಹಾಕದೆ ಪಟ್ಟೆ ತುಳಿದರೆ ಕೂಗುತ್ತದೆ, ಕೆಲವು ಕಾರುಗಳಲ್ಲಿ ಸ್ಟೀರಿಂಗನ್ನು ಮೆಲ್ಲಗೆ ಒಳಕ್ಕೆ ಎಳೆಯುತ್ತದೆ. ಪಟ್ಟೆ ನೆಟ್ಟಗಿರುವ, ಎಲ್ಲರೂ ತಮ್ಮ ತಮ್ಮ ಪಥದಲ್ಲೇ ಹೋಗುವ ದೇಶಗಳಿಗೆ ಹೊಲಿದ ಅಂಗಿ ಇದು. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಸುಗ್ಗಿ ಶುರುವಾದರೆ ರಸ್ತೆಯೇ ಕಣ. ರಾಗಿ ತೆನೆ, ಹುರುಳಿ ಬಳ್ಳಿಯನ್ನು ಅರ್ಧ ರಸ್ತೆಗೆ ಹರಡಿ, ಅಂಚಿಗೆ ಕಲ್ಲು ಜೋಡಿಸಿ, ಹಾದುಹೋಗುವ ಗಾಡಿಗಳ ಗಾಲಿಯಿಂದಲೇ ಒಕ್ಕಣೆ ಮಾಡಿಸುವುದು ಇಲ್ಲಿ ಮಾಮೂಲು. ಪಟ್ಟೆ ಹುಲ್ಲಿನಡಿ ಮಾಯವಾಗಿರುತ್ತದೆ, ಹುಲ್ಲಿನ ಅಂಚೇ ಕ್ಯಾಮೆರಾಗೆ ಪಟ್ಟೆಯಂತೆ ಕಾಣಲೂಬಹುದು. ಆ ರಾಶಿ ತಪ್ಪಿಸಲು ಬಲಕ್ಕೆ ಸರಿದರೆ ಕಾರು ಗದರುತ್ತದೆ, ಸ್ಟೀರಿಂಗ್ ಎಡಕ್ಕೆ, ಅಂದರೆ ಕಲ್ಲಿನ ಕಡೆಗೇ ಎಳೆಯಲು ನೋಡುತ್ತದೆ. ಇಂಥ ರಸ್ತೆಯಲ್ಲಿ ಲೇನ್ ಎಚ್ಚರಿಕೆಯನ್ನೂ ಲೇನ್ ಎಳೆತವನ್ನೂ ಆರಿಸಿಡುವುದೇ ವಿವೇಕ. ಮಂಚೇನಹಳ್ಳಿ ಕಡೆಯ ರಸ್ತೆಯಲ್ಲಾಗಲಿ, ಕೈವಾರದ ದಾರಿಯಲ್ಲಾಗಲಿ ಅದನ್ನು ಆರಿಸಿದವರನ್ನು ನಾನು ತಪ್ಪು ಎನ್ನಲಾರೆ. ಆದರೆ ಹೆದ್ದಾರಿಗೆ ಬಂದ ಮೇಲೆ ಮತ್ತೆ ಹಾಕಿಕೊಳ್ಳಬೇಕು. ಅಮೆರಿಕದ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆಯ ಲೆಕ್ಕದಂತೆ ಲೇನ್ ಎಚ್ಚರಿಕೆ ಇದ್ದ ಕಾರುಗಳಲ್ಲಿ, ಅದು ತಡೆಯಬಲ್ಲಂಥ ಅಪಘಾತಗಳು ಶೇಕಡಾ 11 ಕಡಿಮೆ, ಜನ ಗಾಯಗೊಳ್ಳುವಂಥವು ಶೇಕಡಾ 21 ಕಡಿಮೆ. ರಾತ್ರಿ ಪ್ರಯಾಣದಲ್ಲಿ ಕಣ್ಣು ಎಳೆಯುವವರಿಗೆ ಅದು ಸಣ್ಣ ನೆರವಲ್ಲ. ಇನ್ನೊಂದು ಮಾತು: ಓವರ್‌ಟೇಕ್ ಮಾಡುವಾಗ ಇಂಡಿಕೇಟರ್ ಹಾಕಿದರೆ ಈ ಸದ್ದು ತಾನಾಗಿ ಬರುವುದಿಲ್ಲ. ಅದರ ಕಿರಿಕಿರಿ ಹೇಳುವವರಲ್ಲಿ ಹಲವರ ಸಮಸ್ಯೆ ಇರುವುದು ಇಂಡಿಕೇಟರ್ ಮುಟ್ಟದ ಅಭ್ಯಾಸದಲ್ಲಿ.

ಮುಂದಿನ ವಾಹನಕ್ಕೆ ಗುದ್ದುವ ಸಂಭವ ಕಂಡಾಗ ಬರುವ ಎಚ್ಚರಿಕೆ ಹಾಗಲ್ಲ. ಅದನ್ನು ಆರಿಸಲೇಕೂಡದು. ಗಂಟೆಗೆ 80 ಕಿ.ಮೀ. ಎಂದರೆ ಸೆಕೆಂಡಿಗೆ 22 ಮೀಟರ್. ಅಪಾಯ ಕಂಡು, ಅದು ಅಪಾಯವೆಂದು ಮನಸ್ಸಿಗೆ ಹತ್ತಿ, ಕಾಲು ಆಕ್ಸಿಲರೇಟರಿನಿಂದ ಬ್ರೇಕಿಗೆ ಬರುವಷ್ಟರಲ್ಲಿ ಒಳ್ಳೆಯ ಚಾಲಕನಿಗೂ ಒಂದರಿಂದ ಒಂದೂವರೆ ಸೆಕೆಂಡು ಬೇಕು. ಅಷ್ಟರಲ್ಲಿ ಕಾರು 22ರಿಂದ 33 ಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕ್ ಕಚ್ಚಿದ ಮೇಲೆ, ಒಣ ರಸ್ತೆಯಲ್ಲಿ, ಒಳ್ಳೆಯ ಟೈರಿದ್ದರೂ ಇನ್ನೂ 35 ಮೀಟರ್ ಬೇಕು. ಹಿಂದಿನ ಸೀಟಿನಲ್ಲಿರುವ ಮಗು ಅತ್ತಿತೆಂದು ಚಾಲಕ ಒಂದು ಸಲ ಹಿಂದೆ ತಿರುಗಿದರೆ ಸಾಕು, ಈ ಲೆಕ್ಕವೆಲ್ಲ ತಲೆಕೆಳಗು. ರೇಡಾರ್ ಹಿಂದೆ ತಿರುಗುವುದಿಲ್ಲ. ಮುಂದಿರುವ ಗಾಡಿಗೂ ನಮಗೂ ನಡುವಿನ ಅಂತರ ಎಷ್ಟು, ಅದು ಎಷ್ಟು ಬೇಗ ಕಡಿಮೆಯಾಗುತ್ತಿದೆ ಎಂಬುದನ್ನು ಅದು ಎಡೆಬಿಡದೆ ಅಳೆಯುತ್ತ, ಉಳಿದಿರುವುದು ಎರಡು ಚಿಲ್ಲರೆ ಸೆಕೆಂಡು ಎನ್ನುವ ಹೊತ್ತಿಗೆ ಕೂಗುತ್ತದೆ. ಅದೇ ಅಮೆರಿಕದ ಸಂಸ್ಥೆಯ ಅಧ್ಯಯನದಲ್ಲಿ ಬರೀ ಈ ಸದ್ದು ಇದ್ದ ಕಾರುಗಳು ಮುಂದಿನ ವಾಹನಕ್ಕೆ ಹಿಂದಿನಿಂದ ಗುದ್ದಿದ ಪ್ರಕರಣ ಶೇಕಡಾ 27 ಕಡಿಮೆ, ಸದ್ದಿನ ಜೊತೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆಯೂ ಇದ್ದರೆ ಶೇಕಡಾ 50 ಕಡಿಮೆ. ಅದು ಅಮೆರಿಕದ ರಸ್ತೆಯ ಅಂಕಿ, ನಮ್ಮದಕ್ಕೆ ಹಾಗೇ ಅನ್ವಯಿಸದು ಎಂಬುದನ್ನು ಒಪ್ಪುತ್ತೇನೆ. ಆದರೂ ಟೊಮೆಟೊ ಕ್ರೇಟು ಹೇರಿಕೊಂಡು ಚಿಂತಾಮಣಿ ಮಾರುಕಟ್ಟೆಯಿಂದ ಹೊರಟ ಪಿಕಪ್ ಹಂಪ್ ಮುಂದೆ ಥಟ್ಟನೆ ನಿಧಾನಿಸಿದಾಗ ಇಲ್ಲೂ ಬೇಕಾಗುವುದು ಆ ಒಂದು ಸೆಕೆಂಡೇ. ಸದ್ದು ತೀರಾ ಬೇಗ ಬರುತ್ತದೆ ಅನ್ನಿಸಿದರೆ ಬಹುತೇಕ ಕಾರುಗಳಲ್ಲಿ ಬೇಗ, ಸಾಮಾನ್ಯ, ತಡ ಎಂಬ ಆಯ್ಕೆಗಳಿವೆ. ಊರೊಳಗೆ ‘ತಡ’ಕ್ಕೆ ಇಟ್ಟುಕೊಳ್ಳಿ, ಆರಿಸಬೇಡಿ. 2016ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಆ ಸಂಸ್ಥೆ ಸರ್ವಿಸ್‌ಗೆ ಬಂದ ಹೋಂಡಾ ಕಾರುಗಳನ್ನು ಪರೀಕ್ಷಿಸಿದಾಗ ಮೂರರಲ್ಲಿ ಎರಡು ಪಾಲು ಜನ ಲೇನ್ ಎಚ್ಚರಿಕೆಯನ್ನು ಆರಿಸಿಟ್ಟಿದ್ದರು, ಗುದ್ದುವಿಕೆಯ ಎಚ್ಚರಿಕೆಯನ್ನು ಆರಿಸಿದ್ದು ಮಾತ್ರ ಒಂದೇ ಒಂದು ಕಾರಿನಲ್ಲಿ. ಅಲ್ಲಿನ ಚಾಲಕರು ಕಾಳು ಜೊಳ್ಳು ಬೇರ್ಪಡಿಸಿಕೊಂಡಿದ್ದರು. ನಾವು ಕಲಿಯಬೇಕಾದ್ದೂ ಆ ಬೇರ್ಪಡಿಕೆಯನ್ನೇ.

ಬೇರ್ಪಡಿಸಿಕೊಳ್ಳಲು ಸದ್ದು ಯಾವುದರದ್ದೆಂದು ಮೊದಲು ಗುರುತು ಸಿಗಬೇಕಲ್ಲ, ಅಲ್ಲಿ ಕಾರು ಕಂಪನಿಗಳ ಪಾಲಿನ ತಪ್ಪು ದೊಡ್ಡದು. ಒಂದು ಕಂಪನಿಯ ಲೇನ್ ಸದ್ದು ಇನ್ನೊಂದರ ಬೆಲ್ಟ್ ಸದ್ದಿನಂತಿರುತ್ತದೆ. ಒಂದೇ ಕಾರಿನಲ್ಲಿ ಬಾಗಿಲು ಸರಿಯಾಗಿ ಹಾಕದಿದ್ದಾಗಿನ ಸದ್ದೂ ಮುಂದಿನ ಗಾಡಿ ಹೊರಟಿತು ಎಂದು ತಿಳಿಸುವ ಸದ್ದೂ ಹತ್ತಿರ ಹತ್ತಿರ ಇರುವುದುಂಟು. ಇದು ಬರೀ ಅನನುಕೂಲದ ಮಾತಲ್ಲ. 2005ರ ಆಗಸ್ಟ್ 14ರಂದು ಸೈಪ್ರಸ್‌ನಿಂದ ಅಥೆನ್ಸಿಗೆ ಹೊರಟ ಹೀಲಿಯೋಸ್ ಏರ್ವೇಸ್ ವಿಮಾನದಲ್ಲಿ ಗಾಳಿಯ ಒತ್ತಡ ಇಳಿದಾಗ ಎಚ್ಚರಿಕೆಯ ಹಾರ್ನ್ ಮೊಳಗಿತು. ನೆಲದ ಮೇಲೆ ಟೇಕಾಫ್‌ಗೆ ಮುಂಚಿನ ಸಿದ್ಧತೆ ತಪ್ಪಿದ್ದರೆ ಬರುವ ಸದ್ದೂ ಅದೇ ಆಗಿತ್ತು. ಪೈಲಟ್‌ಗಳು ಆ ಸದ್ದನ್ನು ಅದೆಂದೇ ತಿಳಿದರು, ನಿಜವಾದ ಕಾರಣ ಹೊಳೆಯುವ ಮೊದಲೇ ಆಮ್ಲಜನಕದ ಕೊರತೆಯಿಂದ ಪ್ರಜ್ಞೆ ತಪ್ಪಿದರು. ವಿಮಾನದಲ್ಲಿದ್ದ 121 ಮಂದಿಯೂ ಸತ್ತರು. ವರ್ಷಗಟ್ಟಲೆ ತರಬೇತಿ ಪಡೆದವರಿಗೇ ಒಂದು ಸದ್ದಿಗೆ ಎರಡು ಅರ್ಥ ಇದ್ದಾಗ ಹೀಗಾದರೆ, ಶೋರೂಮಿನಲ್ಲಿ ಹತ್ತು ನಿಮಿಷ ವಿವರಣೆ ಕೇಳಿ ಹೊರಬಿದ್ದ ನಮ್ಮ ಗತಿಯೇನು? ಸದ್ಯಕ್ಕೆ ಚಾಲಕ ನೆಚ್ಚಬಹುದಾದ ಗುರುತುಗಳು ಎರಡು. ಒಂದು ಬಣ್ಣ: ಕೆಂಪು ಬಂದರೆ ಈಗಲೇ ಏನಾದರೂ ಮಾಡು ಎಂದು, ಹಳದಿ ಬಂದರೆ ಯಾವುದೋ ಒಂದು ಕೆಲಸ ಮಾಡುತ್ತಿಲ್ಲ, ನೋಡಿಕೋ ಎಂದು. ಇನ್ನೊಂದು ಲಯ: ಬಿಡಿ ಬಿಡಿಯಾಗಿ ಬರುವುದು ತಿಳಿವಳಿಕೆ, ಒತ್ತೊತ್ತಾಗಿ ಬರುವುದು ಅಪಾಯ. ಪಾರ್ಕಿಂಗ್ ಸದ್ದಿನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ, ಗೋಡೆ ಹತ್ತಿರ ಬಂದಂತೆಲ್ಲ ಬೀಪ್ ಒತ್ತಾಗುತ್ತ ಹೋಗಿ ಸುಮಾರು ಒಂದಡಿ ಉಳಿದಾಗ ಒಂದೇ ಎಳೆಯಾಗುತ್ತದೆ. ಪಕ್ಕದ ಕಾಣದ ಮೂಲೆಯಲ್ಲಿ ವಾಹನ ಇದ್ದರೆ ಮೊದಲು ಹೊರಗನ್ನಡಿಯಲ್ಲಿ ದೀಪ ಮಾತ್ರ ಹೊತ್ತುತ್ತದೆ. ಆ ಕಡೆಗೇ ಇಂಡಿಕೇಟರ್ ಹಾಕಿದಾಗ ಬೀಪ್ ಬರುತ್ತದೆ. ಬೈಕುಗಳು ಎಡಬಲ ಎರಡೂ ಕಡೆಯಿಂದ ನುಗ್ಗುವ ನಮ್ಮ ಪೇಟೆ ಬೀದಿಗಳಲ್ಲಿ ಇದು ಬಹಳ ಉಪಯೋಗದ್ದು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ವಾದದ ಮುಖ್ಯ ಭಾಗಕ್ಕೆ ಬರುತ್ತೇನೆ. ಸದ್ದು ಬಂದರೆ ಗಮನಿಸುವುದು ಸುಲಭ. ಬಾರದಿದ್ದಾಗ ಏನು ತಿಳಿಯಬೇಕು? 2023ರ ಅಕ್ಟೋಬರ್ 26ರ ಬೆಳಗಿನ ಮಂಜಿನಲ್ಲಿ ಬಾಗೇಪಲ್ಲಿ ಕಡೆಯಿಂದ ಬರುತ್ತಿದ್ದ ಸುಮೋ, ಚಿಕ್ಕಬಳ್ಳಾಪುರದ ಹೊರವಲಯದ ಚಿತ್ರಾವತಿ ಬಳಿ ಹೆದ್ದಾರಿಯಲ್ಲಿ ನಿಂತಿದ್ದ ಟ್ಯಾಂಕರ್‌ಗೆ ಹಿಂದಿನಿಂದ ಗುದ್ದಿ ಕನಿಷ್ಠ 12 ಮಂದಿ ಸತ್ತರು. ಆ ಮಾದರಿಯ ಗಾಡಿಯಲ್ಲಿ ಇಂಥ ವ್ಯವಸ್ಥೆ ಇರಲಿಲ್ಲ. ‘ಇದ್ದಿದ್ದರೆ ಉಳಿಯುತ್ತಿದ್ದರು’ ಎಂದು ಹಲವರಿಗೆ ಅನ್ನಿಸುವುದು ಸಹಜ. ಹಾಗೆ ಖಚಿತವಾಗಿ ಹೇಳಲು ಬರುವುದಿಲ್ಲ, ಏಕೆಂದರೆ ಆ ಬೆಳಗಿನಲ್ಲಿ ಇಂಥ ಯಂತ್ರಗಳಿಗೆ ಅತಿ ಕಷ್ಟವಾದ ಎರಡು ಸಂಗತಿಗಳು ಒಟ್ಟಿಗೆ ಸೇರಿದ್ದವು: ನಿಂತ ವಾಹನ ಮತ್ತು ಮಂಜು. ರೇಡಾರ್ ಎದುರಿನ ವಸ್ತುವಿನ ವೇಗವನ್ನು ಚೆನ್ನಾಗಿ ಅಳೆಯುತ್ತದೆ, ಅದರ ಆಕಾರವನ್ನು ಅಷ್ಟು ಚೆನ್ನಾಗಿ ಅಲ್ಲ. ರಸ್ತೆ ಬದಿಯ ಕಂಬಿ, ಮೇಲಿನ ಫಲಕ, ಸೇತುವೆ, ಮೋರಿಯ ಕಟ್ಟೆ ಎಲ್ಲವೂ ನಿಂತ ವಸ್ತುಗಳೇ. ಇವೆಲ್ಲವಕ್ಕೂ ಬ್ರೇಕ್ ಹಾಕುತ್ತ ಹೋದರೆ ಕಾರು ಒಂದು ಮೈಲಿ ಸಾಗದು. ಅದಕ್ಕಾಗಿ ಹಲವು ಕಾರುಗಳ ತಂತ್ರಾಂಶ ನಿಂತ ವಸ್ತುಗಳಿಗೆ ಕಡಿಮೆ ಬೆಲೆ ಕೊಡುತ್ತದೆ, ಕ್ಯಾಮೆರಾವೂ ಹೌದು ಎಂದರೆ ಮಾತ್ರ ಕೂಗುತ್ತದೆ. ಮಂಜಿನಲ್ಲಿ ಕ್ಯಾಮೆರಾಗೂ ನಮ್ಮ ಕಣ್ಣಿನದೇ ಪಾಡು. ಕಾರಿನ ಕೈಪಿಡಿಯಲ್ಲೇ ‘ನಿಂತ ವಾಹನವನ್ನು, ಹೆಚ್ಚು ವೇಗದಲ್ಲಿ, ಗುರುತಿಸದೇ ಇರಬಹುದು’ ಎಂಬರ್ಥದ ಸಾಲು ಇರುತ್ತದೆ. ಅಮೆರಿಕದಲ್ಲಿ ರಸ್ತೆಬದಿ ನಿಂತ ತುರ್ತುಸೇವಾ ವಾಹನಗಳಿಗೆ ಟೆಸ್ಲಾ ಕಾರುಗಳು ಗುದ್ದಿದ ಪ್ರಕರಣಗಳ ಬಗ್ಗೆ ಅಲ್ಲಿನ ಸರ್ಕಾರ 2021ರಲ್ಲಿ ತನಿಖೆ ಆರಂಭಿಸಿತ್ತು. ನಂದಿ ಬೆಟ್ಟದ ತಪ್ಪಲಿನ ಚಳಿಗಾಲದ ಮುಂಜಾವು, ಹಿಂದೀಪವಿಲ್ಲದೆ ಮುಸುಕಿನ ಜೋಳ ಹೇರಿ ನಿಂತ ಟ್ರ್ಯಾಕ್ಟರ್ ಟ್ರೇಲರ್, ಪಂಕ್ಚರ್ ಆಗಿ ಎಡಪಥದಲ್ಲೇ ಜಾಕ್ ಏರಿಸಿಕೊಂಡ ಲಾರಿ, ನಮ್ಮ ಕಡೆಯ ರಸ್ತೆಗಳ ಅತಿ ಭೀಕರ ಅಪಾಯಗಳು ಇವೇ. ಇವುಗಳ ಎದುರೇ ಯಂತ್ರ ಅತಿ ಹೆಚ್ಚು ಸುಮ್ಮನಿರುವ ಸಾಧ್ಯತೆ ಇರುವುದು. ಬೈಕಿನ ಎರಡೂ ಪಕ್ಕಕ್ಕೆ ರೇಷ್ಮೆ ಗೂಡಿನ ಮೂಟೆ ಕಟ್ಟಿಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುವವನನ್ನೂ ಹಿಪ್ಪುನೇರಳೆ ಸೊಪ್ಪಿನ ಹೊರೆಯ ಮರೆಯಲ್ಲಿ ಕಾಣದಂತಾದ ಸೈಕಲ್‌ನವನನ್ನೂ ಕ್ಯಾಮೆರಾ ಮನುಷ್ಯ ಎಂದು ಗುರುತಿಸಿಯೇ ತೀರುತ್ತದೆ ಎಂಬ ಭರವಸೆ ಇಲ್ಲ.

ಹಾಗಾಗಿಯೇ ಡ್ಯಾಶ್‌ಬೋರ್ಡಿನ ಸದ್ದುಗಳಲ್ಲಿ ಅತಿ ಮುಖ್ಯವಾದದ್ದು ಯಾವುದೆಂದು ಕೇಳಿದರೆ, ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ಸಣ್ಣ ಟಿಂಗ್ ಎಂದು ಹೇಳುತ್ತೇನೆ. ಒಂದೇ ಸಲ ಬಂದು, ಹಳದಿ ದೀಪ ಹೊತ್ತಿಸಿ, ಕ್ಯಾಮೆರಾಗೆ ಅಥವಾ ರೇಡಾರ್‌ಗೆ ಏನೋ ಅಡ್ಡ ಬಂದಿದೆ ಎಂದು ತಿಳಿಸಿ ಅದು ಸುಮ್ಮನಾಗುತ್ತದೆ. ಅರ್ಥ ಇಷ್ಟೇ: ನನಗೆ ಕಾಣುತ್ತಿಲ್ಲ, ಇನ್ನು ಮುಂದೆ ನಾನು ಕೂಗುವುದಿಲ್ಲ, ನೀನೇ ನೋಡಿಕೋ. ಆ ಬಳಿಕದ ಮೌನವನ್ನು ನೆಮ್ಮದಿ ಎಂದುಕೊಂಡವನಿಗಿಂತ ಕಾರಿನಲ್ಲಿ ಈ ವ್ಯವಸ್ಥೆಯೇ ಇಲ್ಲದವನು ಮೇಲು, ಅವನು ಕನಿಷ್ಠ ತನ್ನ ಕಣ್ಣನ್ನಾದರೂ ನಂಬಿಕೊಂಡಿರುತ್ತಾನೆ. ಮಂಜು, ಜಡಿಮಳೆ, ಕೆಸರು ಇದಕ್ಕೆ ಕಾರಣವಾಗುವುದು ಸರಿ, ನಾವೇ ಮಾಡಿಕೊಳ್ಳುವ ಕಾರಣಗಳೂ ಇವೆ. ರೇಡಾರ್ ಇರುವುದು ಸಾಮಾನ್ಯವಾಗಿ ಮುಂದಿನ ಗ್ರಿಲ್ ಅಥವಾ ಬಂಪರಿನ ನಡುವೆ, ಒಂದು ಸಣ್ಣ ಕಪ್ಪು ಫಲಕದ ಹಿಂದೆ. ಆಯುಧಪೂಜೆಯ ಚೆಂಡು ಹೂವಿನ ದಪ್ಪ ಹಾರ ಅದರ ಮೇಲೇ ಬೀಳುತ್ತದೆ. ಒದ್ದೆ ಹೂವಿನ ನೀರು ರೇಡಾರ್ ಅಲೆಯನ್ನು ಹೀರಿಕೊಳ್ಳುತ್ತದೆ. ಪೂಜೆ ಖಂಡಿತ ಆಗಲಿ, ಹಾರವನ್ನು ಬಾನೆಟ್ ಮೇಲೆ ಹಾಕಿ, ದಾರಿಗಿಳಿಯುವ ಮುನ್ನ ತೆಗೆಯಿರಿ. ಮುಂಗಾಜಿನ ನೆತ್ತಿಯಲ್ಲಿ ಕ್ಯಾಮೆರಾ ಎದುರಿಗೆ ಅರಿಶಿನ ಕುಂಕುಮವಾಗಲಿ ಸ್ಟಿಕ್ಕರ್ ಆಗಲಿ ಬೇಡ. ಮುಂದೆ ಕಬ್ಬಿಣದ ಗಾರ್ಡ್ ಕಟ್ಟಿಸುವುದನ್ನು ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲೇ ನಿಷೇಧಿಸಿದೆ, ರೇಡಾರ್ ಇರುವ ಕಾರಿಗಂತೂ ಅದು ಕಣ್ಣಿಗೆ ಬಟ್ಟೆ. ಕಲ್ಲು ಸಿಡಿದು ಮುಂಗಾಜು ಬದಲಿಸಿದರೆ ಕ್ಯಾಮೆರಾವನ್ನು ಮತ್ತೆ ಅಳತೆಗೆ ಕೂರಿಸಬೇಕು. ಗ್ಲಾಸ್ ಹಾಕುವವರು ಇದನ್ನು ಹೇಳದೇ ಇದ್ದರೆ ನೀವೇ ಕೇಳಿ.

ಇದಕ್ಕೆಲ್ಲ ಬರುವ ಗಟ್ಟಿ ಆಕ್ಷೇಪ ಒಂದಿದೆ. ಕಾರು ತಾನಾಗಿ ಬ್ರೇಕ್ ಹಾಕಿದರೆ ಹಿಂದೆ ಬಾಲಕ್ಕೆ ಅಂಟಿಕೊಂಡಂತೆ ಬರುವ ಬಸ್ಸೋ ಟಿಪ್ಪರೋ ಬಂದು ಗುದ್ದುವುದಿಲ್ಲವೇ? ಗುದ್ದಬಹುದು. ಬೈಕ್ ಅಡ್ಡ ನುಗ್ಗಿದಾಗ ಬೆಚ್ಚಿಬಿದ್ದಂತೆ ಬ್ರೇಕ್ ಹಾಕುವ ಕಾರುಗಳ ಬಗ್ಗೆ ದೇಶದಾದ್ಯಂತ ದೂರುಗಳಿವೆ, ಅವನ್ನು ಸುಳ್ಳೆಂದು ತಳ್ಳಿಹಾಕಲಾಗದು. ಆದರೆ ಸಾಮಾನ್ಯವಾಗಿ ಯಂತ್ರ ಮೊದಲು ಕೂಗಿ, ಆಮೇಲೆ ಚಾಲಕ ಏನೂ ಮಾಡದಿದ್ದರೆ ಮಾತ್ರ ಜೋರಾಗಿ ಬ್ರೇಕ್ ಹಾಕುತ್ತದೆ. ಮೊದಲ ಕೂಗಿಗೇ ಕಾಲು ಬ್ರೇಕಿನ ಮೇಲೆ ಬಂದರೆ ಎರಡನೆಯದರ ಅಗತ್ಯ ಬಹಳ ಸಲ ಬೀಳುವುದಿಲ್ಲ. ಸದ್ದನ್ನು ಆರಿಸದೇ ಇರಲು ಇದೂ ಒಂದು ಕಾರಣ. ಚಿಕ್ಕಬಳ್ಳಾಪುರದ ಬಿಬಿ ರಸ್ತೆಯಂಥ ಕಿಕ್ಕಿರಿದ ಬೀದಿಯಲ್ಲಿ ಹತ್ತು ಹದಿನೈದರ ವೇಗದಲ್ಲಿ ತೆವಳುವಾಗ ತಾನಾಗಿ ಬೀಳುವ ಬ್ರೇಕನ್ನು ಯಾರಾದರೂ ತಾತ್ಕಾಲಿಕವಾಗಿ ನಿಲ್ಲಿಸಿಕೊಂಡರೆ ನಾನು ಜಗಳ ಆಡುವುದಿಲ್ಲ. ಹೆದ್ದಾರಿಯಲ್ಲಿ ಬೇಡ. ‘ಮೂವತ್ತು ವರ್ಷದಿಂದ ಸ್ಟೀರಿಂಗ್ ಹಿಡಿದಿದ್ದೀನಿ, ನಂಗೆ ಇದು ಹೇಳಿಕೊಡಬೇಕಾ’ ಎನ್ನುವವರ ಅನುಭವದ ಬಗ್ಗೆ ನನಗೆ ಗೌರವವಿದೆ. ಯಾವ ತಿರುವಿನಲ್ಲಿ ದನ ಅಡ್ಡ ಬರುತ್ತದೆ, ಯಾವ ಊರಿನ ಮುಂದೆ ಬಣ್ಣ ಬಳಿಯದ ಹಂಪ್ ಇದೆ ಎಂಬುದು ಅವರಿಗೆ ಗೊತ್ತು, ಯಂತ್ರಕ್ಕೆ ಎಂದೂ ಗೊತ್ತಾಗದು. ನಿದ್ದೆ, ದಣಿವು, ಫೋನಿನ ಕರೆ ಮಾತ್ರ ಅನುಭವ ನೋಡಿ ಬರುವುದಿಲ್ಲ.

ಇನ್ನು ಭಾಷೆ. ಈ ಕಾರುಗಳ ಪರದೆಯ ಮೇಲೆ ಬರುವ ಎಚ್ಚರಿಕೆಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ, ಕೈಪಿಡಿ ಇಂಗ್ಲಿಷಿನ ದಪ್ಪ ಪುಸ್ತಕ. ಕೆಎ 40, ಕೆಎ 67 ಫಲಕದ ಗಾಡಿಗಳನ್ನು ಓಡಿಸುವವರಲ್ಲಿ ಮನೆಯಲ್ಲಿ ತೆಲುಗು, ಪೇಟೆಯಲ್ಲಿ ಕನ್ನಡ ಆಡುವವರೇ ಬಹಳ. ಕಾರು ಕೊಂಡವರು ಒಬ್ಬರು, ಓಡಿಸುವ ಡ್ರೈವರ್ ಇನ್ನೊಬ್ಬ, ಶೋರೂಮಿನ ವಿವರಣೆ ಅವನ ಕಿವಿಗೆ ಬೀಳುವುದೇ ಇಲ್ಲ. 2025ರ ಮಾರ್ಚ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಬಸ್ಸು, ಲಾರಿಗಳಿಗೂ ತುರ್ತು ಬ್ರೇಕ್, ತೂಕಡಿಕೆ ಎಚ್ಚರಿಕೆ, ಲೇನ್ ಎಚ್ಚರಿಕೆ ಕಡ್ಡಾಯ ಮಾಡುವ ಕರಡು ಹೊರಡಿಸಿತು. ನಾಳೆ ಈ ಸದ್ದುಗಳನ್ನು ಕೇಳಬೇಕಾದವರಲ್ಲಿ ಹೆಚ್ಚಿನವರು ಇಂಗ್ಲಿಷ್ ಕೈಪಿಡಿ ಓದುವವರಲ್ಲ. ಕಂಪನಿಗಳು ಒಂದೇ ಹಾಳೆಯಲ್ಲಿ, ಕನ್ನಡದಲ್ಲಿ, ಯಾವ ದೀಪಕ್ಕೆ ಯಾವ ಸದ್ದು, ಬಂದರೆ ಏನು ಮಾಡಬೇಕು ಎಂದು ಚಿತ್ರ ಸಮೇತ ಅಚ್ಚು ಹಾಕಿಸಿ ಸನ್‌ಶೇಡಿಗೆ ಅಂಟಿಸಿ ಕೊಡುವುದು ಕಷ್ಟದ ಕೆಲಸವೂ ಅಲ್ಲ, ದೊಡ್ಡ ಖರ್ಚಿನದೂ ಅಲ್ಲ. ಡ್ರೈವಿಂಗ್ ಶಾಲೆಗಳು ಕ್ಲಚ್ಚು ಗೇರಿನ ಜೊತೆ ಈ ದೀಪಗಳನ್ನೂ ಒಂದು ಪಾಠವಾಗಿ ಸೇರಿಸಿಕೊಳ್ಳಲಿ.

ಅದು ಆಗುವವರೆಗೆ ಕಾರು ಕೊಳ್ಳುವವರಿಗೆ ನನ್ನ ಕೋರಿಕೆ ಇಷ್ಟು. ಕೀ ತೆಗೆದುಕೊಳ್ಳುವ ದಿನ ಫೋಟೊ, ನಿಂಬೆಹಣ್ಣು, ಸಿಹಿ ಎಲ್ಲ ಮುಗಿದ ಮೇಲೆ ಶೋರೂಮಿನವರನ್ನು ಅರ್ಧ ಗಂಟೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಮನೆಯಲ್ಲಿ ಆ ಕಾರು ಓಡಿಸುವ ಎಲ್ಲರನ್ನೂ, ಡ್ರೈವರ್ ಇದ್ದರೆ ಅವನನ್ನೂ, ಹಿಂದಿನ ಸೀಟಿನಲ್ಲಿ ಕೂರಿಸಿ. ನಿಂತ ಕಾರಿನಲ್ಲೇ ಯಾವ ಸದ್ದುಗಳನ್ನು ಕೇಳಿಸಲು ಸಾಧ್ಯವೋ ಅಷ್ಟನ್ನೂ ಕೇಳಿಸಿ ಎನ್ನಿ, ರೇಡಾರ್ ಎಲ್ಲಿದೆ, ಕ್ಯಾಮೆರಾ ಎಲ್ಲಿದೆ ಕೈಯಿಟ್ಟು ತೋರಿಸಿ ಎನ್ನಿ, ಯಾವುದು ಕಾಣದಿದ್ದಾಗ ಯಾವ ಹಳದಿ ದೀಪ ಬರುತ್ತದೆ ಹೇಳಿ ಎನ್ನಿ. ಹತ್ತಾರು ಲಕ್ಷ ಕೊಟ್ಟವರಿಗೆ ಇದನ್ನು ಕೇಳಿ ಪಡೆಯುವ ಹಕ್ಕಿದೆ. ಈಗಾಗಲೇ ಕಾರು ಮನೆಗೆ ಬಂದಿದ್ದರೆ ಮುಂದಿನ ಸರ್ವಿಸ್‌ಗೆ ಹೋದಾಗ ಕೇಳಿ.